ಜಾಮೀನು ಬೀಳುವವರು ಯಾರು?

"ಯಾರಿಗೂ ಜಾಮೀನ ಬೀಳಬ್ಯಾಡ." ನಮ್ಮ ಕಡೆ ಹಿರಿಯರು ಮಕ್ಕಳಿಗೆ ಹೇಳುವ ಖಾಯಂ ಬುದ್ಧಿಮಾತು ಇದು. ಬೇಕಾದರೆ ಕೈಯಿಂದ ದುಡ್ಡು ಕೊಡು, ವಾಪಸ್ ಬರದಿದ್ದರೂ ಹಾಳಾಗಿ ಹೋಗಲಿ, ಕಾಗದಕ್ಕೆ ಮಾತ್ರ ಸಹಿ ಹಾಕಬೇಡ. ಹೀಗೆ ಹೇಳುವವರು ಕೆಟ್ಟವರೇನಲ್ಲ. ಅಳಿಯನ ಸಾಲಕ್ಕೆ ಜಾಮೀನು ಬಿದ್ದು ಹೊಲ ಕಳೆದುಕೊಂಡವರನ್ನು ಕಣ್ಣಾರೆ ಕಂಡವರು.

ಈಗ ಇದೇ ಮಾತು ಬೇರೆ ಬಟ್ಟೆ ತೊಟ್ಟು ಬಂದಿದೆ. "ನನ್ನ ಜೀವನ, ನನ್ನಿಷ್ಟ. ನಾನು ಯಾರ ಉಸಾಬರಿಗೂ ಹೋಗಲ್ಲ, ನನ್ನ ಉಸಾಬರಿಗೆ ಯಾರೂ ಬರಬೇಡಿ." ಕಾಲೇಜು ಹುಡುಗರು ಸ್ಟೇಟಸ್ ಹಾಕುತ್ತಾರೆ, ನನ್ನ ವಾರಿಗೆಯವರೂ ಹಾಕುತ್ತಾರೆ. ಯಾರಿಗೂ ಉತ್ತರ ಕೊಡಬೇಕಿಲ್ಲ ಅನ್ನೋದೇ ಸ್ವಾತಂತ್ರ್ಯ ಅಂತ ಆಗಿಬಿಟ್ಟಿದೆ. ನನಗೆ ಇದರ ಮೇಲೆ ತಕರಾರಿದೆ. ಆ ತಕರಾರಿನ ಬೇರು ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿದೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಕಣಗಿನಹಾಳ ಬಾಯಿಪಾಠ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ, 1905, ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲ. ಒಂದು ಮಾರ್ಕು ಸಿಕ್ಕಿತು, ಮುಗೀತು. ಆದರೆ ಆ ಊರಿನ ರೈತರು ಯಾವ ಧೈರ್ಯದ ಮೇಲೆ ಸಂಘ ಕಟ್ಟಿದರು ಅನ್ನೋದನ್ನು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ.

ಆಗ ನಮ್ಮದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 1876ರಿಂದ 78ರವರೆಗಿನ ಬರ ಜನರನ್ನು ಹಿಂಡಿಹಾಕಿತ್ತು. ಅದಕ್ಕೂ ಮುಂಚೆ, 1875ರಲ್ಲಿ, ಅದೇ ಪ್ರಾಂತ್ಯದ ಪುಣೆ ಮತ್ತು ಅಹ್ಮದ್‌ನಗರದ ಕಡೆ ರೈತರು ಸಾವುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನು ಸುಟ್ಟಿದ್ದರು. ಪತ್ರ ಸುಟ್ಟಿತು, ಸಾವುಕಾರ ಉಳಿದ. ಮುಂದಿನ ಬಿತ್ತನೆಗೆ ಬೀಜ ಬೇಕಲ್ಲ, ಮತ್ತೆ ಅವನ ಬಾಗಿಲಿಗೇ ಹೋಗಬೇಕು.

1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂತು. ಕನಿಷ್ಠ ಹತ್ತು ಜನ ಸೇರಿದರೆ ಸಂಘ ಕಟ್ಟಬಹುದು. ಹಳ್ಳಿ ಸಂಘಗಳಿಗೆ ಅದರಲ್ಲಿ ಒಂದು ಭಾರೀ ಷರತ್ತಿತ್ತು. ಹೊಣೆಗೆ ಮಿತಿ ಇಲ್ಲ. ಅಂದರೆ ಸಂಘ ಮುಳುಗಿದರೆ ಹಾಕಿದ ಷೇರು ಹೋಯಿತು ಅಂತ ಕೈ ತೊಳೆದುಕೊಳ್ಳುವ ಹಾಗಿಲ್ಲ, ಸದಸ್ಯನ ಸ್ವಂತ ಆಸ್ತಿಯೂ ಹೊಣೆಗೆ ಬರುತ್ತದೆ. ಜರ್ಮನಿಯ ಹಳ್ಳಿಗಳಲ್ಲಿ ರೈಫೈಸನ್ ಅನ್ನುವವರು ಕಟ್ಟಿದ್ದ ಸಂಘಗಳ ಮಾದರಿ ಅದು. ಬಡವನ ಹತ್ತಿರ ಅಡ ಇಡಲು ಏನೂ ಇಲ್ಲ. ಹಾಗಾಗಿ ಅಕ್ಕಪಕ್ಕದವರ ಹೊಣೆಯೇ ಅಡ.

ಮನೆಯ ಹಿರಿಯರು ಬೇಡ ಅಂದದ್ದನ್ನೇ ಆ ರೈತರು ಮಾಡಿದರು ನೋಡಿ. ಒಬ್ಬರಿಗೊಬ್ಬರು ಜಾಮೀನು ಬಿದ್ದರು. ಹೀಗೆ ಹೊಣೆ ಹೊತ್ತ ಮೇಲೆ ಸುಮ್ನೆ ಕೂರುವ ಹಾಗಿಲ್ಲ. ಯಾರನ್ನು ಸೇರಿಸಬೇಕು, ಯಾರನ್ನು ಬೇಡ ಅನ್ನಬೇಕು ಅಂತ ಯೋಚಿಸಬೇಕು. ಕೊಟ್ಟ ಸಾಲದಲ್ಲಿ ಎತ್ತು ಬಂತೋ, ಮದುವೆ ಊಟ ಆಯಿತೋ ಅಂತ ಕಣ್ಣಿಡಬೇಕು. ಇವತ್ತಿನ ಭಾಷೆಯಲ್ಲಿ ಇದು ಪೂರ್ತಿ ಉಸಾಬರಿ. ಆದರೆ ಈ ಉಸಾಬರಿಯಿಂದಲೇ ಸಾವುಕಾರನ ಮನೆ ಕಟ್ಟೆಯ ಮೇಲೆ ಕೈಕಟ್ಟಿ ಕೂರುವುದು ತಪ್ಪುತ್ತಿತ್ತು. ಅಲ್ಲಿ ಲೆಕ್ಕ ಬರೆಯುವವನೂ ಅವನೇ, ಬಡ್ಡಿ ಹೇಳುವವನೂ ಅವನೇ, ರೈತ ಬರೀ ಹೆಬ್ಬೆಟ್ಟು ಒತ್ತಬೇಕು. ಸಂಘದಲ್ಲಿ ಲೆಕ್ಕ ತೆಗೆದು ತೋರಿಸು ಅನ್ನಬಹುದು. ಬಿಡುಗಡೆ ಅನ್ನೋದು ಅವರಿಗೆ ಸಿಕ್ಕದ್ದು ಒಬ್ಬರಿಗೊಬ್ಬರು ಕಟ್ಟುಬಿದ್ದ ಮೇಲೆ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಕೇಳಬೇಕು: ಬಡವರಿಗೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸ್ ಕಂಪನಿಗಳಲ್ಲೂ ಗುಂಪು ಜಾಮೀನೇ ಅಲ್ವಾ? ಹೌದು. ಅದಕ್ಕೇ ಈ ಬರಹ ಉದ್ದ ಆಗುತ್ತಿದೆ.

ನಾನಿರೋದು ಬೆಟಗೇರಿಯಲ್ಲಿ. ನಮ್ಮ ಓಣಿಗೆ ಒಂದು ಕಂಪನಿಯ ಹುಡುಗ ವಾರಕ್ಕೊಮ್ಮೆ ಬೈಕಿನ ಮೇಲೆ ಬರುತ್ತಾನೆ. ಕೈಯಲ್ಲಿ ಟ್ಯಾಬು, ಎದೆಗೆ ಅಡ್ಡ ಹಾಕಿದ ಬ್ಯಾಗು. ಕಟ್ಟೆಯ ಮೇಲೆ ಹೆಂಗಸರು ಮಡಚಿದ ನೋಟು ಹಿಡಿದು ಕೂತಿರುತ್ತಾರೆ. ಒಂದು ವಾರ ಒಬ್ಬಾಕೆ ಬರಲಿಲ್ಲ. ಮಗ್ಗದ ಕೆಲಸ ನಿಂತಿತ್ತು.

"ಅವರ ಕಂತ ನೀವ ಕೂಡಿ ತುಂಬ್ರಿ. ಇಲ್ಲಾಂದ್ರ ನಾ ಇಲ್ಲಿಂದ ಏಳಂಗಿಲ್ಲ" ಅಂದ ಹುಡುಗ. ಅವನೂ ಪಾಪ, ಟಾರ್ಗೆಟ್ ಮುಟ್ಟದಿದ್ದರೆ ಅವನ ಕೆಲಸಕ್ಕೇ ಕುತ್ತು. ಹೆಂಗಸರು ಕುಪ್ಪಸದೊಳಗಿನ ಪಾಕೀಟು ತೆಗೆದು ತುಂಬಿದರು. ಆಮೇಲೆ ಎಲ್ಲರೂ ಕೂಡಿ ಆಕೆಯ ಬಾಗಿಲಿಗೆ ಹೋಗಿ ಬೈದದ್ದು ಓಣಿಗೆಲ್ಲ ಕೇಳಿಸಿತು. ಕಂಪನಿ ಒಂದು ಮಾತೂ ಆಡಬೇಕಾಗಲಿಲ್ಲ. ಆಡಿಸಿತು.

ಇಂಥವೇ ಊರೂರಿಗೆ ಆಗಿ, ಜನ ಊರು ಬಿಟ್ಟು, ಕೆಲವರು ಜೀವವನ್ನೇ ಬಿಟ್ಟ ಮೇಲೆ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಸಾಲ ವಸೂಲಿಗೆ ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೇಕಾಗಿತ್ತು, ಬಂತು. ಆದರೆ ಗೆಳತಿಯರನ್ನೇ ವಸೂಲಿ ಏಜೆಂಟರನ್ನಾಗಿ ಮಾಡುವ ಯುಕ್ತಿ ಇದೆಯಲ್ಲ, ಅದಕ್ಕೆ ಪೊಲೀಸರು ಎಲ್ಲಿಂದ ಮುಟ್ಟುತ್ತಾರೆ?

ಈಗ ಅದೇ ಓಣಿಯ ಇನ್ನೊಂದು ಕೂಟ. ಸದಸ್ಯರೂ ಬಹುಪಾಲು ಅವರೇ. ಇದು ಅವರದೇ ಸ್ವಸಹಾಯ ಸಂಘ, ಉಳಿತಾಯವೂ ಅವರದೇ. ಅದರ ಲೆಕ್ಕ ನಾನು ಬರೆದುಕೊಡುತ್ತೇನೆ, ಹಾಗಾಗಿ ಸಭೆಯಲ್ಲಿ ಒಂದು ಮೂಲೆ ನನಗೆ. ಒಮ್ಮೆ ಒಬ್ಬಾಕೆಯ ಕಂತು ನಿಂತಿತು.

"ಆಕಿ ಗಂಡ ಹುಬ್ಬಳ್ಳಿ ದವಾಖಾನ್ಯಾಗ ಅದಾನ. ಎರಡ ತಿಂಗಳ ಬಿಡೂಣು" ಅಂದರು ಅಧ್ಯಕ್ಷೆ.

ಬಾಗಿಲ ಹತ್ತಿರ ಕೂತಿದ್ದಾಕೆ ಸಿಡಿದಳು. "ಹೋದ ವರ್ಷ ನನ್ನ ಮಗಳ ಬಾಣಂತನಕ್ಕ ನಾ ಕೇಳಿದಾಗ ಯಾಕ ಬಿಡ್ಲಿಲ್ಲ? ಆಕಿ ನಿಮ್ಮ ಬೀಗರಾಕಿ ಅಂತನ?"

ಒಂದು ಗಳಿಗೆ ಯಾರೂ ಉಸಿರೆತ್ತಲಿಲ್ಲ. ಪ್ರಶ್ನೆ ನ್ಯಾಯವಾಗಿತ್ತು. ಅಧ್ಯಕ್ಷೆ ಸೆರಗು ಸರಿಮಾಡಿಕೊಂಡು, "ಆವಾಗ ನಮಗ ಹೊಳೀಲಿಲ್ಲವಾ ಯವ್ವಾ. ಇನ್ನ ಮ್ಯಾಲೆ ಎಲ್ಲಾರಿಗೂ ಒಂದ ಕಾನೂನ ಮಾಡೂಣು" ಅಂದರು. ಆಮೇಲೆ ಶುರುವಾಯಿತು ನೋಡಿ ಚರ್ಚೆ. ದವಾಖಾನೆ ಅಂದರೆ ಯಾವುದು, ಬರೀ ಜ್ವರಕ್ಕೂ ಬಿಡಬೇಕಾ? ಚೀಟಿ ತೋರಿಸಬೇಕಾ, ಬಾಯಿಮಾತು ಸಾಕಾ? ಬಡ್ಡಿ ನಿಲ್ಲುತ್ತಾ? "ಬಡ್ಡಿ ನಿಲ್ಲಂಗಿಲ್ಲ, ಅದು ಎಲ್ಲಾರ ರೊಕ್ಕ" ಅಂತ ಟೇಲರಿಂಗ್ ಮಾಡುವ ಅಕ್ಕಾರು ಪಟ್ಟು ಹಿಡಿದರು. ಕೊನೆಗೆ ದವಾಖಾನೆ ಮತ್ತು ಬಾಣಂತನಕ್ಕೆ ಎರಡು ತಿಂಗಳು ಕಂತು ಮುಂದೆ ಹಾಕಬಹುದು, ಬಡ್ಡಿ ನಡೆಯುತ್ತದೆ ಅಂತ ತೀರ್ಮಾನವಾಯಿತು. "ಟೀಚರ್ರ, ಠರಾವ ಬರೀರಿ." ಬರೆದೆ. ಬಾಗಿಲ ಹತ್ತಿರದಾಕೆ ಸಹಿ ಹಾಕಿದಳು, ಆದರೆ ಚಹಾ ಕುಡಿಯದೆ ಎದ್ದು ಹೋದಳು.

ಎರಡೂ ಕಡೆ ಅದೇ ಹೆಂಗಸರು, ಅದೇ ಬಡತನ, ಅದೇ ಒಬ್ಬರಿಗೊಬ್ಬರ ಹೊಣೆ. ಒಂದು ಕಡೆ ಕಾನೂನು ಟ್ಯಾಬಿನೊಳಗಿಂದ ಬಂತು. ಇನ್ನೊಂದು ಕಡೆ ಜಗಳಾಡಿ ಮಾಡಿಕೊಂಡರು. ಮೊದಲನೆಯದರಲ್ಲಿ ಹೊಣೆ ಮಾತ್ರ ಇದೆ, ಮಾತಿಲ್ಲ. ಅದಕ್ಕೆ ನಾನು ಜವಾಬ್ದಾರಿ ಅನ್ನಲಾರೆ, ಬಿಟ್ಟಿ ದುಡಿಮೆ ಅಂತೀನಿ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಅನ್ನುವ ಅಮೆರಿಕದ ಜೀವವಿಜ್ಞಾನಿ ಒಂದು ವಾದ ಹೂಡಿದರು. ಎಲ್ಲರಿಗೂ ಸೇರಿದ ಹುಲ್ಲುಗಾವಲಿದ್ದರೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡೋಣ ಅಂತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ. ಜನಕ್ಕೆ ಸ್ವಾತಂತ್ರ್ಯ ಕೊಟ್ಟರೆ ಸಾಮೂಹಿಕ ಆಸ್ತಿ ಹಾಳು, ಹಾಗಾಗಿ ಒಂದೋ ಸರ್ಕಾರ ಹಿಡಿತದಲ್ಲಿ ಇಟ್ಟುಕೊಳ್ಳಬೇಕು, ಇಲ್ಲಾ ಹಂಚಿ ಖಾಸಗಿ ಮಾಡಬೇಕು. ಬಹಳ ಜನ ಒಪ್ಪಿದರು. ಕೇಳಲು ಸರಿಯಾಗೇ ಇದೆ.

ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಓಸ್ಟ್ರಮ್ ಮಾತ್ರ, ನಡೀರಿ ಹೋಗಿ ನೋಡೋಣ ಅಂದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಅನ್ನುವ ಹಳ್ಳಿಯ ಉದಾಹರಣೆ ಅವರ ಬರಹದಲ್ಲಿ ಬರುತ್ತದೆ. ಚಳಿಗಾಲದಲ್ಲಿ ನೀನು ಎಷ್ಟು ದನಕ್ಕೆ ಮೇವು ಹಾಕಿ ಸಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬೇಕು. 1517ರ ಕಟ್ಟಳೆ ಅದು, ಶತಮಾನಗಳ ಕಾಲ ನಡೆದುಕೊಂಡು ಬಂತು. ಮಾಡಿದವರು ಊರವರು, ಕಾಯ್ದವರೂ ಊರವರು. ಇಂಥ ಎಷ್ಟೋ ಊರುಗಳನ್ನು ಓಸ್ಟ್ರಮ್ ಹೋಲಿಸಿ ನೋಡಿದರು. ಕಟ್ಟಳೆಗೆ ಒಳಪಡುವವರೇ ಕಟ್ಟಳೆ ಮಾಡುವುದರಲ್ಲಿದ್ದರೆ, ಮೊದಲ ತಪ್ಪಿಗೆ ಸಣ್ಣ ದಂಡ ಆಮೇಲೆ ದೊಡ್ಡದು ಅಂತಿದ್ದರೆ, ಜಗಳ ಬಗೆಹರಿಸಲು ಹತ್ತಿರದಲ್ಲೇ ಒಂದು ಜಾಗ ಇದ್ದರೆ ಜನ ಕೂಡಿ ಬಾಳುತ್ತಾರೆ ಅಂತ ಕಂಡುಕೊಂಡರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ನಮ್ಮ ಓಣಿಯ ಸಭೆಗೆ ಬಂದಿದ್ದರೆ ಖುಷಿಪಡುತ್ತಿದ್ದರು. ಚಹಾ ಬಿಟ್ಟು ಎದ್ದುಹೋದಾಕೆಯ ಬಗ್ಗೆಯೂ ಒಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದರೋ ಏನೋ.

ಇಲ್ಲಿ ಒಂದು ಎಚ್ಚರ ಬೇಕು. ಇಂಥ ಮಾತು ಬಂದ ಕೂಡಲೇ ನಮ್ಮವರು, ಹಿಂದೆ ಹಳ್ಳಿಗಳಲ್ಲಿ ಎಷ್ಟು ಚೆನ್ನಾಗಿತ್ತು, ಎಲ್ಲರೂ ಕೂಡಿ ಬಾಳುತ್ತಿದ್ದರು ಅಂತ ಶುರುಮಾಡುತ್ತಾರೆ. ರೋಣ, ನವಲಗುಂದದ ಎರೆ ಸೀಮೆಯಲ್ಲಿ ಬೋರು ಕೊರೆದರೆ ಸವಳು ನೀರು. ಕೆರೆ ನೀರೇ ಕುಡಿಯಬೇಕಿತ್ತು. ದನ ಇಳಿಸಬಾರದು, ಬಟ್ಟೆ ಒಗೆಯಬಾರದು, ಚಪ್ಪಲಿ ಹಾಕಿಕೊಂಡು ಮೆಟ್ಟಿಲು ಇಳಿಯಬಾರದು ಅಂತ ಕಟ್ಟಳೆ ಇರುತ್ತಿದ್ದವು. ಒಳ್ಳೆಯ ಕಟ್ಟಳೆಗಳೇ. ಆದರೆ ಅದೇ ಊರುಗಳಲ್ಲಿ ಯಾರು ಕೊಡ ಮುಳುಗಿಸಬಹುದು, ಯಾರು ದೂರ ನಿಂತು ಇನ್ನೊಬ್ಬರು ಸುರಿಯುವವರೆಗೆ ಕಾಯಬೇಕು ಅನ್ನೋದಕ್ಕೂ ಕಟ್ಟಳೆ ಇತ್ತಲ್ಲ? ಅದನ್ನು ಮಾಡುವಾಗ ದೂರ ನಿಂತವರನ್ನು ಯಾರೂ ಕೇಳಿರಲಿಲ್ಲ. 1927ರಲ್ಲಿ ಅಂಬೇಡ್ಕರ್ ಮಹಾಡದ ಕೆರೆಗೆ ಇಳಿದು ನೀರು ಕುಡಿದದ್ದು ಇಂಥ ಕಟ್ಟಳೆಯನ್ನು ಮುರಿಯಲಿಕ್ಕೇ. ಕೂಡಿ ಬಾಳುವುದು ಅಂದರೆ ಕೆಲವರು ಕೂಡಿ ಉಳಿದವರನ್ನು ಆಳುವುದು ಅಂತಲೂ ಆಗಬಹುದು.

ಅದೇ ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಒಂದು ಮಾತು ಹೇಳಿದರು. ಬಂಧುತ್ವ ಇಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆ ತಾವಾಗಿ ನಡೆಯುವುದಿಲ್ಲ, ಅವುಗಳನ್ನು ಜಾರಿ ಮಾಡಲು ಒಬ್ಬ ಪೊಲೀಸ್ ಪೇದೆ ಬೇಕಾಗುತ್ತಾನೆ ಅಂತ. ಯಾರ ಉಸಾಬರಿಯೂ ಬೇಡ ಅನ್ನುವವರಿಗೆ ನಾನು ಇದನ್ನೇ ಹೇಳೋದು. ಪಕ್ಕದ ಮನೆಯವನಿಗೆ ಉತ್ತರ ಕೊಡಲ್ಲ ಅಂದರೆ ಪೇದೆಗೆ ಕೊಡಬೇಕಾಗುತ್ತೆ. ಪೇದೆ ನಿಮ್ಮ ಬಾಣಂತನದ ಕಷ್ಟ ಕೇಳಲ್ಲ.

ಸಂವಿಧಾನದ 2011ರ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನೂ ಮೂಲಭೂತ ಹಕ್ಕುಗಳಿಗೆ ಸೇರಿಸಿತು, ಮಾತಿನ ಸ್ವಾತಂತ್ರ್ಯ ಇರುವ ಅದೇ 19ನೇ ವಿಧಿಗೆ. ಹಕ್ಕು ಸಿಕ್ಕಿದೆ. ಬಳಸುವವರು?

ಈಗಿನ ಸೊಸೈಟಿಗಳಲ್ಲಿ ಸದಸ್ಯನ ಹೊಣೆ ಸಾಮಾನ್ಯವಾಗಿ ಅವನ ಷೇರಿನಷ್ಟಕ್ಕೇ. ಒಳ್ಳೆಯದೇ, ಮನೆ-ಹೊಲ ಪಣಕ್ಕಿಡಿ ಅಂತ ನಾನೂ ಹೇಳಲಾರೆ. ಆದರೆ ಹೊಣೆ ಇಳಿದ ಹಾಗೆ ನಿಗಾನೂ ಇಳಿಯಿತು. ಬಡ್ಡಿ ಜಾಸ್ತಿ ಅಂತ ಠೇವಣಿ ಇಡುತ್ತೇವೆ, ಆ ದುಡ್ಡು ಯಾರಿಗೆ ಸಾಲ ಹೋಯಿತು ಅಂತ ಕೇಳುವುದಿಲ್ಲ. ಬಾಗಿಲು ಮುಚ್ಚಿದ ಮೇಲೆ ಶಟರ್ ಮುಂದೆ ನಿಂತು ಕೂಗುತ್ತೇವೆ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ ಅನ್ನೋದು ಸಹಕಾರದ ಬುನಾದಿ. ಆ ಮತವನ್ನು ಐದು ವರ್ಷಕ್ಕೊಮ್ಮೆ ಯಾರೋ ಕಳಿಸಿದ ಗಾಡಿ ಹತ್ತಿ ಹೋಗಿ ಹಾಕಿ ಬರುತ್ತೇವೆ.

ವಾರ್ಷಿಕ ಸಭೆಯ ಕಥೆ ನಿಮಗೂ ಗೊತ್ತು. ಬಾಗಿಲಲ್ಲಿ ರಜಿಸ್ಟರಿಗೆ ಸಹಿ, ಕೈಗೆ ನಾಷ್ಟಾ ಪೊಟ್ಟಣ, ಮನೆಗೆ. ನನ್ನ ಷೇರಿರುವ ಸೊಸೈಟಿಯ ಹಿಂದಿನ ಸಭೆಯಲ್ಲಿ ಒಬ್ಬ ಹಿರಿಯರು ಎದ್ದು, ವಸೂಲಾಗದ ಸಾಲದ ಪಟ್ಟಿ ಓದ್ರಿ ಅಂದರು. "ಕಾಕಾ, ಮೊದಲ ನಾಷ್ಟಾ ಮಾಡ್ರಿ, ಆರಿ ಹೋಗ್ತೈತಿ" ಅಂತ ವೇದಿಕೆಯಿಂದ ಉತ್ತರ ಬಂತು. ಎಲ್ಲರೂ ನಕ್ಕರು. ಪಟ್ಟಿ ಓದಲಿಲ್ಲ.

ಈ ಸಲ ಅದೇ ಪ್ರಶ್ನೆಯನ್ನು ಸಭೆಗೆ ಮುಂಚೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ತಗೊಂಡು ಹೋಗೋಣ ಅಂತ ಕಾಕಾ ಮತ್ತು ನಾವು ಕೆಲವರು ಮಾತಾಡಿಕೊಂಡಿದ್ದೇವೆ. ನಿಮ್ಮದೂ ಅಲ್ಲಿ ಷೇರಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಷೇರು ಬೇರೆ ಸೊಸೈಟಿಯಲ್ಲಿದ್ದರೆ ಪತ್ರದ ನಮೂನೆ ಕಳಿಸುತ್ತೇನೆ, ಹೆಸರು ಬದಲಿಸಿಕೊಂಡರೆ ಆಯಿತು.