ಪೇಟೆ ಬೀದಿಯ ಉದ್ಧಾರಕ್ಕೆ ಬಂದ ಜೆಸಿಬಿ

ನಮ್ಮ ಸರ್ಕಾರಕ್ಕೆ ಹಳೇ ಪೇಟೆ ಬೀದಿಗಳ ಮೇಲೆ ಇರುವ ಪ್ರೀತಿ ಶತ್ರುವಿಗೂ ಬೇಡ. ಎಲ್ಲೋ ಒಂದು ಬೀದಿಯಲ್ಲಿ ವ್ಯಾಪಾರ ಚೆನ್ನಾಗಿ ನಡೆಯುತ್ತಿದೆ ಅಂತ ಗೊತ್ತಾದರೆ ಸಾಕು, ಇದನ್ನು ಇನ್ನೂ ಚೆನ್ನಾಗಿ ಮಾಡೋಣ ಅಂತ ಹೊರಡುತ್ತಾರೆ. ಮೊದಲ ಕೆಲಸ, ಗಿರಾಕಿ ಒಳಗೆ ಕಾಲಿಡದ ಹಾಗೆ ಅಂಗಡಿ ಬಾಗಿಲ ಮುಂದೆ ಅಗೆಯುವುದು.

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟನ್ನೇ ನೋಡಿ. ದುಡ್ಡು ಸ್ಮಾರ್ಟ್ ಸಿಟಿ ಯೋಜನೆಯದು. ಲಾಕ್‌ಡೌನ್‌ನಲ್ಲಿ ಮಲಗಿದ್ದ ವ್ಯಾಪಾರ ಇನ್ನೇನು ಏಳಬೇಕು, ಅಷ್ಟರಲ್ಲಿ ರಸ್ತೆಯನ್ನೇ ಎಬ್ಬಿಸಿದರು. ಬಟ್ಟೆ, ಬಳೆ, ಚಪ್ಪಲಿ ಅಂಗಡಿಯವರು ತಿಂಗಳುಗಟ್ಟಲೆ ಮಾಲಿನ ಮೇಲಿನ ಧೂಳು ಕೊಡವುತ್ತಾ ಕೂತರು, ಬಾಡಿಗೆ ಮಾತ್ರ ಧೂಳು ಹಿಡಿಯದೆ ಒಂದನೇ ತಾರೀಕು ಸರಿಯಾಗಿ ಬರುತ್ತಿತ್ತು. 2021ರಲ್ಲಿ ಚಂದದ ಕಲ್ಲು ಹಾಸಿ ಕೆಲಸ ಮುಗೀತು ಅಂದರು. ಕೆಲವೇ ವಾರದಲ್ಲಿ ಕಲ್ಲುಗಳು ಎದ್ದು ಬಂದವು. ಮತ್ತೆ ಕಿತ್ತು ಮತ್ತೆ ಹಾಸುವ ಕೆಲಸ. ಕಲ್ಲಿನದೇನೂ ತಪ್ಪಿಲ್ಲ ಬಿಡಿ, ಬೀದಿಗೆ ಚೈತನ್ಯ ತುಂಬಿ ಅಂದಿದ್ದರು, ಮೊದಲು ಅದಕ್ಕೇ ಬಂತು.

ಚರ್ಚ್ ಸ್ಟ್ರೀಟ್ ಕಥೆ ಇನ್ನೂ ಸೊಗಸು. ಒಂದು ಕಿಲೋಮೀಟರೂ ಇಲ್ಲದ ಬೀದಿ. ಟೆಂಡರ್‌ಶ್ಯೂರ್ ಅನ್ನುವ ರಸ್ತೆ ಮಾದರಿಯಲ್ಲಿ ನೀರು, ಕರೆಂಟು, ಕೇಬಲ್ ಎಲ್ಲವನ್ನೂ ನೆಲದಡಿ ಜೋಡಿಸಿ, ಇನ್ನು ಮೇಲೆ ಅಗೆಯುವ ಮಾತೇ ಇಲ್ಲ ಅಂತ 2018ರಲ್ಲಿ ಉದ್ಘಾಟನೆ ಮಾಡಿದರು. ಅಲ್ಲೂ ಕಲ್ಲು ಸಡಿಲವಾಯಿತು, ರಿಪೇರಿ ಬಂತು. ಅದಿರಲಿ. 2020ರ ನವೆಂಬರ್‌ನಿಂದ ಕೆಲವು ತಿಂಗಳು ಶನಿವಾರ ಭಾನುವಾರ ಅಲ್ಲಿ ಗಾಡಿ ಬಿಡದೆ ಬರೀ ನಡೆಯುವವರಿಗೆ ಬಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯನ್ನೂ ಅಳೆದರು. ಗಾಳಿ ಸುಧಾರಿಸಿತ್ತು, ಜನ ಖುಷಿಯಾಗಿ ಓಡಾಡಿದರು. ಹೀಗೆ ಎಲ್ಲ ಚೆನ್ನಾಗಿದೆ ಅಂತ ಖಾತ್ರಿಯಾದ ಮೇಲೆ ಮತ್ತೆ ಕಾರುಗಳನ್ನು ಬಿಟ್ಟರು. ಒಳ್ಳೆ ಅಂಕ ತೆಗೆದ ಮಗುವನ್ನು ಶಾಲೆ ಬಿಡಿಸಿದ ಹಾಗೆ.

ಗಾಂಧಿ ಬಜಾರಿಗೂ ಈ ಭಾಗ್ಯ ಬಂತು. ಅಗಲವಾದ ಫುಟ್‌ಪಾತು ಬೇಕು ಅನ್ನುವುದರಲ್ಲಿ ನನಗೇನೂ ತಕರಾರಿಲ್ಲ, ಸುಮ್ನೆ ವಿರೋಧ ಮಾಡುವ ಜಾತಿ ನಾನಲ್ಲ. ಆದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಆ ಬೀದಿ ಹೇಗಿರುತ್ತೆ ಅಂತ ಗೊತ್ತಲ್ವಾ? ಸೇವಂತಿಗೆ ರಾಶಿ, ತಾವರೆ ಮೊಗ್ಗು, ಬಾಳೆಕಂದು, ಮಾವಿನ ಸೊಪ್ಪು, ಒಂದು ಮೊಳ ಮಲ್ಲಿಗೆಗೆ ಹತ್ತು ನಿಮಿಷದ ಚೌಕಾಸಿ. ಅಂಥ ಕಡೆ ಗುಂಡಿ ತೋಡಿ ಮೇಲೊಂದು ಹಲಗೆ ಹಾಕಿದರೆ, ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದರಲ್ಲಿ ಹೂವಿನ ಚೀಲ ಹಿಡಿದ ಹೆಂಗಸು ಅದರ ಮೇಲೆ ದಾಟುವುದೇ ಒಂದು ವ್ರತ. ಎಂಜಿನಿಯರ್ ಸಾಹೇಬರನ್ನು ಕೇಳಿ ನೋಡಿ. "ಯಾವಾಗ ಮುಗಿಯುತ್ತೆ ಸಾರ್?" "ಇನ್ನೊಂದು ಹದಿನೈದು ದಿನ." ಮುಂದಿನ ತಿಂಗಳು ಕೇಳಿದರೂ ಹದಿನೈದೇ ದಿನ. ಮಾತು ಬದಲಾಯಿಸುವ ಮನುಷ್ಯರಲ್ಲ.

ಗಾಡಿ ಎಲ್ಲಿ ನಿಲ್ಲಿಸೋಣ ಅಂತ ಕೇಳಿದಿರಾ? ಅದಕ್ಕೂ ವ್ಯವಸ್ಥೆ ಇದೆ. ಫ್ರೀಡಂ ಪಾರ್ಕ್ ಹತ್ತಿರ ಬಹುಮಹಡಿ ಪಾರ್ಕಿಂಗ್ ಕಟ್ಟಿದರು. ನಡೆಸಿಕೊಡಿ ಅಂತ ಟೆಂಡರ್ ಕರೆದರೆ ಯಾರೂ ಬರಲಿಲ್ಲ. ಕಟ್ಟಿ ಮುಗಿದ ಮೇಲೂ ವರ್ಷಗಟ್ಟಲೆ ಖಾಲಿ ಇದ್ದು, ಕಡೆಗೆ 2024ರಲ್ಲಿ ಬಾಗಿಲು ತೆರೆಯಿತು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತಳ್ಳುಗಾಡಿಯವರಿಗೆ ಸಿಗುವ ನೆರವು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಅವರನ್ನು ಎತ್ತಂಗಡಿ ಮಾಡುವ ಮುಂಚೆ ಸರ್ವೆ ಆಗಬೇಕು, ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಶೇಕಡಾ 40ರಷ್ಟು ಜನ ಅವರೇ ಇರಬೇಕು. ಪುಸ್ತಕದಲ್ಲಿ ಓದಲು ಬಹಳ ಚೆನ್ನಾಗಿದೆ. 2020ರಲ್ಲಿ ಇವರಿಗೇ ಅಂತ ಸ್ವನಿಧಿ ಯೋಜನೆ ಬಂತು, ಆಗ ಮೊದಲ ಕಂತಿನಲ್ಲಿ 10,000 ರೂಪಾಯಿ ಸಾಲ, ಮೇಲೆ ಬಡ್ಡಿಗೆ ಸಹಾಯಧನ. ಪಾಲಿಕೆಯ ಒಂದು ಮೇಜಿನಲ್ಲಿ ಕೂತವರು "ತಗೋಳಮ್ಮ, ನೀನು ಬೀದಿ ವ್ಯಾಪಾರಿ ಅನ್ನೋದಕ್ಕೆ ಪತ್ರ" ಅಂತ ಸೀಲು ಒತ್ತಿ ಕೊಡುತ್ತಾರೆ. ಆಯಮ್ಮ ಸಾಲ ತಂದು, ಹೊಸ ಚಕ್ರ ಹಾಕಿಸಿ, ತಕ್ಕಡಿ ಕೊಂಡು, ಸೌತೆಕಾಯಿ ಜೋಡಿಸುವ ಹೊತ್ತಿಗೆ ಅದೇ ಪಾಲಿಕೆಯ ಇನ್ನೊಂದು ಮೇಜಿನವರು ಲಾರಿ ತರುತ್ತಾರೆ. ಬೀದಿ ಸುಂದರವಾಗುತ್ತಿದೆ, ಜಾಗ ಖಾಲಿ ಮಾಡಿ. ಪತ್ರ ತೋರಿಸಿದರೆ, ಅದು ಬೇರೆ ವಿಭಾಗ ಕಣಮ್ಮ ಅಂತಾರೆ. ಗಾಡಿ ಲಾರಿ ಹತ್ತುತ್ತದೆ, ತಕ್ಕಡಿ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ, ಸೌತೆಕಾಯಿ ಯಾರ ಮನೆ ಕೋಸಂಬರಿಗೆ ಹೋಯಿತೋ ಕೇಳಬೇಡಿ.

ಬ್ಯಾಂಕಿನವರು ಮಾತ್ರ ಬೇರೆ ವಿಭಾಗ ಅನ್ನುವುದಿಲ್ಲ. ತಿಂಗಳ ಕಂತಿಗೆ ಮೆಸೇಜು ತಪ್ಪದೆ ಬರುತ್ತದೆ.