ಕಟಕ್ ಅಂದ ಮಾತ್ರಕ್ಕೆ ಬೆನ್ನು ಸರಿಯಾಯ್ತಾ?

ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಕ್ಕದ ಸೀಟಿನವರು ಇವತ್ತು ಮೂಲ್ಕಿ ದಾಟುವವರೆಗೂ ಕೈರೋಪ್ರಾಕ್ಟರನ್ನು, ಅಂದರೆ ಬೆನ್ನು, ಕುತ್ತಿಗೆಯ ಕೀಲುಗಳನ್ನು ಕೈಯಿಂದಲೇ ಒತ್ತಿ ತಿರುಗಿಸಿ ನೋವಿಗೆ ಚಿಕಿತ್ಸೆ ಕೊಡುವವರನ್ನು, ಬೈದರು. ‘ಎರಡು ಸಲ ಹೋಗಿದ್ದೇನೆ, ಇನ್ನೂ ಬನ್ನಿ ಅಂತಾರೆ. ಇಲ್ಲಿ ನೋಡಿ, ಒಂದೇ ಸಲಕ್ಕೆ ಕಟಕ್!’ ಅಂತ ರೀಲ್ಸ್ ತೆಗೆದು ನನ್ನ ಮೂಗಿಗೇ ಹಿಡಿದರು. ನನ್ನದೂ ಸೊಂಟನೋವಿನ ದೊಡ್ಡ ಪುರಾಣವೇ. ಎಷ್ಟು ಉರಿದಿರಬೇಡ!

ಆ ಕಟಕ್ ಮೂಳೆ ಜಾಗಕ್ಕೆ ಬಂದು ಕೂತ ಸದ್ದಲ್ಲ ಮಾರಾಯ್ರೆ. ಕೀಲಿನೊಳಗಿನ ದ್ರವದಲ್ಲಿ ಏಳುವ ಗಾಳಿಗುಳ್ಳೆಯದ್ದು. ಬೆರಳಿನ ನೆಟಿಗೆ ಮುರಿದಾಗ ಬರುವುದೂ ಅದೇ. ಒಮ್ಮೆ ಮುರಿದ ಬೆರಳು ಸುಮಾರು 20 ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ, ಬೇಕಾದರೆ ಈಗಲೇ ನೋಡಿ. ಕೀಲು ಸ್ವಲ್ಪ ಸಡಿಲಾಗುತ್ತದೆ, ಹಾಯೆನಿಸುತ್ತದೆ. ಆದರೆ ಸುತ್ತ ಬಿಗಿದುಕೊಂಡ ಸ್ನಾಯು?

ನಮ್ಮಮ್ಮನನ್ನೇ ನೋಡಿ. ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೆಳಗಿನಿಂದ ಬೀಡಿ ಕಟ್ಟಿದವರು. ಎಲೆ ಕತ್ತರಿಸುವುದು, ಹೊಗೆಸೊಪ್ಪು ತುಂಬುವುದು, ಸುರುಳಿ ಸುತ್ತಿ ನೂಲು ಕಟ್ಟುವುದು. ಇಷ್ಟೂ ಹೊತ್ತು ತಲೆ ಕೆಳಗೆ. ಆ ಕುತ್ತಿಗೆ ಒಂದೇ ಸಿಟ್ಟಿಂಗ್‌ನಲ್ಲಿ ಸರಿಯಾಗಬೇಕಂತೆ! ಮನೆಗೆ ಬಂದು ಮತ್ತೆ ಅದೇ ತಡ್ಪೆ ಎದುರು ಕೂತರೆ ನೋವು ಎಲ್ಲಿಗೆ ಹೋಗಬೇಕು? ಅದಕ್ಕೇ ಮತ್ತೆ ಮತ್ತೆ ಕರೆಯುವುದು, ಮಧ್ಯದಲ್ಲಿ ವ್ಯಾಯಾಮ ಕೊಡುವುದು. ಸ್ನಾಯು ಗಟ್ಟಿಯಾಗಲು ವಾರಗಳೇ ಬೇಕು.

‘ಎಲ್ಲ ದುಡ್ಡು ಮಾಡುವ ಉಪಾಯ’ ಅನ್ನುವವರೂ ಇದ್ದಾರೆ. ಅಂಥ ಕ್ಲಿನಿಕ್ ಇಲ್ಲ ಅಂತ ನಾನೆಲ್ಲಿ ಹೇಳಿದೆ? ನಾಲ್ಕಾರು ಸಲ ಹೋಗಿಯೂ ಒಂಚೂರು ವ್ಯತ್ಯಾಸ ಕಾಣದಿದ್ದರೆ ಎದ್ದು ಬನ್ನಿ. ನೋವಿಲ್ಲದಿದ್ದರೂ ಜೀವನವಿಡೀ ಬನ್ನಿ ಅನ್ನುವವರಿಗೆ ದೂರದಿಂದಲೇ ಕೈ ಮುಗಿಯಿರಿ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್‌ನಲ್ಲಿ ಈ ಕೈರೋಪ್ರಾಕ್ಟಿಕ್ ಚಿಕಿತ್ಸೆ ಶುರು ಮಾಡಿದ ಡಿ.ಡಿ. ಪಾಮರ್ ಮಹಾಶಯರೇ ಬೆನ್ನು ಒತ್ತಿ ಕಿವುಡು ವಾಸಿ ಮಾಡಿದೆ ಅಂದವರು! ಅಂಥದ್ದನ್ನೆಲ್ಲ ನಂಬಬೇಡಿ. ಸೊಂಟನೋವಿಗೆ ಒಂದಿಷ್ಟು ಉಪಯೋಗ ಉಂಟು, ಪವಾಡ ಇಲ್ಲ. ಅಷ್ಟು ಮಾತ್ರಕ್ಕೆ ಎರಡನೇ ಸಲ ಕರೆದವರೆಲ್ಲ ಕಳ್ಳರಾ?

ನಿಜ ಹೇಳಲಾ, ಆ ಕಟಕ್ ರೀಲ್ಸ್ ನಾನೂ ರಾತ್ರಿ ಕೂತು ನೋಡುತ್ತೇನೆ. ಏನೋ ಒಂಥರಾ ಖುಷಿ. ಆದರೆ ಅದನ್ನು ನೋಡಿ ಸಲೂನಿನಲ್ಲಿ ಕುತ್ತಿಗೆ ತಿರುಗಿಸಿಕೊಳ್ಳಬೇಡಿ. ಅಪರೂಪಕ್ಕಾದರೂ ರಕ್ತನಾಳ ಹರಿದು ಪಾರ್ಶ್ವವಾಯು ಆಗಿದ್ದುಂಟು. ಕೈಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ ಮೊದಲು ಆಸ್ಪತ್ರೆ.

ಇನ್ನು ‘ಏನೂ ಪ್ರಯೋಜನ ಆಗಲಿಲ್ಲ’ ಅಂತ ಬಸ್ಸಿನಲ್ಲಿ ಭಾಷಣ ಮಾಡುವವರಿಗೆ ನನ್ನದು ಒಂದೇ ಪ್ರಶ್ನೆ. ಕೈರೋಪ್ರಾಕ್ಟರ್ ಹೇಳಿದ ವ್ಯಾಯಾಮ ಮಾಡಿದ್ರಾ?