ಮಾರುವ ಮುಂಚೆ ಪೇಂಟ್ ಹೊಡೆಸಬೇಡಿ: ತೆರೆದ ಮೋರಿಸ್ ಮೈನರ್ ಇರುವವರಿಗೆ ಒಂದಿಷ್ಟು ಮಾತು

ಹಳೇ ಕಾರು ಮಾರಬೇಕು ಅಂತ ಮನಸ್ಸು ಮಾಡಿದ ಕೂಡಲೇ ನಮ್ಮ ಕಡೆ ಮೊದಲು ಆಗುವ ಕೆಲಸ ಅಂದರೆ ಕಾರು ಪೇಂಟಿಂಗ್ ಶೆಡ್ಡಿಗೆ ಹೋಗುವುದು. ದಯವಿಟ್ಟು ಅದೊಂದು ಮಾಡಬೇಡಿ. ನಲವತ್ತು ಐವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡ ಕಾರಿಗೆ ಮಾರುವ ತಿಂಗಳಲ್ಲಿ ಹೊಸ ಪೇಂಟ್ ಬಿದ್ದರೆ, ಕಾರು ಗೊತ್ತಿರುವ ಗಿರಾಕಿಗೆ ಮೊದಲು ಬರುವ ಯೋಚನೆ ಒಂದೇ: ಇದರ ಕೆಳಗೆ ಏನು ಮುಚ್ಚಿದ್ದಾರೆ? ನೀವು ಏನೂ ಮುಚ್ಚಿರದೇ ಇರಬಹುದು. ಆದರೆ ಅದನ್ನು ತೋರಿಸಿಕೊಡುವ ದಾರಿಯನ್ನು ನೀವೇ ಬಣ್ಣ ಬಳಿದು ಮುಚ್ಚಿಬಿಟ್ಟಿರಿ. ಮಾಸಿದರೂ ಹಳೆಯದೇ ಆದ ಪೇಂಟು, ಅಲ್ಲಲ್ಲಿ ಕಲ್ಲು ಬಡಿದ ಗುರುತು, ಜೊತೆಗೆ ಬಿಲ್ಲು, ಕಾಗದಪತ್ರಗಳ ಒಂದು ದಪ್ಪ ಫೈಲು. ಇಷ್ಟಿದ್ದರೆ ಒಳ್ಳೆ ಬೆಲೆ ಕೊಡುವ ಗಿರಾಕಿ ಬಂದೇ ಬರುತ್ತಾನೆ.

ಮೋರಿಸ್ ಮೈನರನ್ನೇ ಉದಾಹರಣೆಗೆ ತಗೊಳ್ಳುತ್ತೇನೆ. ಅಲೆಕ್ ಇಸಿಗೋನಿಸ್ ವಿನ್ಯಾಸದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಹೊರಬಂತು. ತೆರೆದ, ಅಂದರೆ ಬಟ್ಟೆ ಛಾವಣಿ ಮಡಚುವ ಮಾದರಿಯೂ ಆಗಲೇ ಇತ್ತು, ಹೆಸರು ಟೂರರ್. 1951ರಲ್ಲಿ ಅದು ಕನ್ವರ್ಟಿಬಲ್ ಆಯಿತು, 1969ರವರೆಗೂ ತಯಾರಾಯಿತು. ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಮೊದಲ ಎಂಎಂ ಸರಣಿ, 918 ಸಿಸಿ ಸೈಡ್‌ವಾಲ್ವ್ ಎಂಜಿನ್ನಿನದು, ಇಲ್ಲವೇ ಅದರ ನಂತರದ 803 ಸಿಸಿಯದು. ಇದೇ ಮೈನರನ್ನು ಹಿಂದೂಸ್ತಾನ್ ಮೋಟಾರ್ಸ್ 'ಬೇಬಿ ಹಿಂದೂಸ್ತಾನ್' ಅಂತ ಜೋಡಿಸಿ ಮಾರಿದ್ದರಿಂದ ಹಳಬರಿಗೆ ಮುಖ ಪರಿಚಯ ಚೆನ್ನಾಗೇ ಇದೆ.

ಮಾರುವವರು ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಒಂದಿದೆ. ನಿಮ್ಮದು ಕಾರ್ಖಾನೆಯಿಂದಲೇ ತೆರೆದು ಬಂದ ಕಾರೋ, ಆಮೇಲೆ ಯಾರೋ ಗ್ಯಾರೇಜಿನಲ್ಲಿ ಛಾವಣಿ ಕತ್ತರಿಸಿದ ಸೆಲೂನೋ (ಗಟ್ಟಿ ಛಾವಣಿಯ ಮಾಮೂಲಿ ಕಾರು)? ಬೆಲೆಯ ಅರ್ಧ ಮಾತು ಇಲ್ಲೇ ಮುಗಿಯುತ್ತದೆ. ಮೈನರಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಭಾರ ಹೊರಬೇಕು. ಛಾವಣಿ ಇಲ್ಲದ ಮಾದರಿಗೆ ಕಾರ್ಖಾನೆಯವರು ಬಾಗಿಲ ಕೆಳಗಿನ ಸಿಲ್ ಒಳಗೆ ಹೆಚ್ಚುವರಿ ತಗಡಿನ ಪೆಟ್ಟಿಗೆ ಕೊಟ್ಟು, ಬಾಗಿಲ ಕಂಬಗಳ ಬುಡಕ್ಕೂ ಬಲಪಟ್ಟಿ ಬೆಸೆದಿರುತ್ತಾರೆ. ಕತ್ತರಿಸಿದ ಕಾರಿನಲ್ಲಿ ಇವು ಇರುವುದಿಲ್ಲ. 1960ರ ದಶಕದ ಕಾರಾದರೆ ಚಾಸಿ ನಂಬರಿನ ಪ್ಲೇಟು ಇನ್ನೂ ಸುಲಭವಾಗಿ ಹೇಳುತ್ತದೆ: ತೆರೆದ ಕಾರಿಗೆ 'ಎಂಎಟಿ', ಎರಡು ಬಾಗಿಲ ಸೆಲೂನಿಗೆ 'ಎಂಎ2ಎಸ್', ನಾಲ್ಕು ಬಾಗಿಲದಕ್ಕೆ 'ಎಂಎಎಸ್' ಅಂತ ಶುರುವಾಗುತ್ತದೆ. ಕತ್ತರಿಸಿದ ಕಾರನ್ನು ಮಾರಲೇಬಾರದು ಅಂತಲ್ಲ. ಕತ್ತರಿಸಿದ್ದು ಅಂತ ಹೇಳಿ ಮಾರಿ, ಅದಕ್ಕೆ ತಕ್ಕ ಬೆಲೆ ಹೇಳಿ.

ಸಿಲ್ ಗಟ್ಟಿ ಇದೆಯಾ ಅಂತ ತಿಳಿಯಲು ದೊಡ್ಡ ಉಪಕರಣ ಬೇಡ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಬಾಗಿಲ ಹಿಂಬದಿ ಅಂಚಿನ ಸಂದು ಮೇಲೆಷ್ಟು ಕೆಳಗೆಷ್ಟು ಅಂತ ಅಳತೆ ಮಾಡಿ. ಈಗ ಇಬ್ಬರು ಮುಂದೆ, ಇಬ್ಬರು ಹಿಂದೆ ಕೂರಲಿ. ಮತ್ತೆ ಅಳೆಯಿರಿ, ಬಾಗಿಲು ತೆರೆದು ಮುಚ್ಚಿ ನೋಡಿ. ಮೇಲಿನ ಸಂದು ಕಿರಿದಾಗಿ ಬಾಗಿಲು ಲಾಕಿಗೆ ಉಜ್ಜಿದರೆ ಕಾರು ನಡುವಿನಲ್ಲಿ ಬಾಗುತ್ತಿದೆ ಅಂತ ಅರ್ಥ. ಇದಕ್ಕೆ ಮೇಲಿಂದ ಮೇಲೆ ತಗಡು ಹಚ್ಚಿಸಬೇಡಿ. ಸಿಲ್ ಬದಲಿಸುವಾಗ ಬಾಗಿಲು ಹಾಕಿಯೇ ಇರಬೇಕು, ಮುಂದಿನ ಕಂಬಕ್ಕೂ ಹಿಂದಿನ ಕಂಬಕ್ಕೂ ನಡುವೆ ಕಬ್ಬಿಣದ ಪೈಪು ಬಿಗಿದಿರಬೇಕು, ಒಂದೊಂದು ಕಡೆಯಾಗಿ ಕೆಲಸ ನಡೆಯಬೇಕು. ಬಾಗಿಲು ಬಿಚ್ಚಿ, ಕಾರನ್ನು ಜಾಕ್ ಮೇಲೆ ಎತ್ತಿಟ್ಟು ಬೆಸೆದರೆ ತಿರುಚಿಕೊಂಡೇ ಗಟ್ಟಿಯಾಗುತ್ತದೆ. ಆಮೇಲೆ ಯಾವ ಟಿಂಕರಿಂಗ್ ಮೇಸ್ತ್ರಿಯ ಕೈಯಲ್ಲೂ ಆ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ಜಾಗ, ಮಾರುವವರೂ ಕೊಳ್ಳುವವರೂ ನೋಡದೇ ಬಿಡುವುದು, ಡ್ರೈವರ್ ಕಾಲಡಿಯ ನೆಲ. ಮೈನರಿನ ಬ್ರೇಕ್ ಮಾಸ್ಟರ್ ಸಿಲಿಂಡರ್ ಬಾನೆಟ್ ಕೆಳಗಿಲ್ಲ. ಕಾರ್ಪೆಟ್ ಕೆಳಗೆ, ನೆಲದಡಿಯ ಉದ್ದನೆಯ ಚಾಸಿ ಕಾಲಿನೊಳಗೆ (ಬಾಡಿಗೇ ಬೆಸೆದ ತಗಡಿನ ತೊಲೆ) ಅಡಗಿದೆ. ಹುಡ್ಡಿನ (ಬಟ್ಟೆ ಛಾವಣಿಯ) ಮುಂದಿನ ಅಂಚಿನಿಂದ ಮಳೆನೀರು ಸೋರಿದರೆ ಕಾರ್ಪೆಟ್ ಒದ್ದೆ, ಕಾರ್ಪೆಟ್ ಒಣಗದಿದ್ದರೆ ನೆಲದ ತಗಡು ತುಕ್ಕು, ತುಕ್ಕು ಕೆಳಗಿಳಿದರೆ ಚಾಸಿ ಕಾಲೂ ಸಿಲಿಂಡರಿನ ಬೋಲ್ಟೂ ಹೋದಂತೆಯೇ. ಸಿಲಿಂಡರ್ ತೆಗೆಯೋಣ ಅಂದರೆ ಬೋಲ್ಟ್ ಹೊರಬರುವ ದಾರಿಗೆ, ಮುಂದಿನ ಚಕ್ರಕ್ಕೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಅಡ್ಡ. ಅದನ್ನು ಸರಿಸದೆ ಆಗದು. ಎರಡು ತಾಸಿನ ಕೆಲಸ ಅಂದುಕೊಂಡ ಮೆಕ್ಯಾನಿಕ್ ಎರಡು ದಿನ ಕಾರು ಬಿಡುವುದಿಲ್ಲ. ಆದ್ದರಿಂದ ಕಾರ್ಪೆಟ್ ಎತ್ತಿ, ಮುಚ್ಚಳ ತೆಗೆದು, ಆಯಿಲ್ ಮಟ್ಟವನ್ನೂ ಸುತ್ತಲಿನ ತಗಡನ್ನೂ ಹತ್ತಿರದಿಂದ ಫೋಟೋ ತೆಗೆದು ಜಾಹೀರಾತಿಗೆ ಹಾಕಿ. ಗೊತ್ತಿರುವ ಗಿರಾಕಿ ಆ ಒಂದು ಫೋಟೋ ನೋಡಿಯೇ ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತುತ್ತಾನೆ.

ಮುಂದಿನ ಚಕ್ರಗಳ ವಿಷಯದಲ್ಲಿ ಹುಡುಗಾಟ ಬೇಡ. ಚಕ್ರ ತಿರುಗಲು ಆಧಾರವಾದ ಸ್ಟೀರಿಂಗ್ ಸ್ವಿವೆಲ್ ಪಿನ್ನು ಕೆಳಗಿನ ಟ್ರನಿಯನ್ (ಅದನ್ನು ಹಿಡಿದಿಡುವ ತುಂಡು) ಒಳಗೆ ಮರೆಯ, ಅಂದರೆ ಸ್ಕ್ರೂ ಥ್ರೆಡ್ಡಿನ ಮೇಲೆ ತಿರುಗುತ್ತದೆ. 1,000 ಮೈಲಿಗೊಮ್ಮೆ, ಅಂದರೆ ಸುಮಾರು 1,600 ಕಿಲೋಮೀಟರಿಗೊಮ್ಮೆ ಗ್ರೀಸ್ ಹೊಡೆಯದಿದ್ದರೆ ಮರೆ ಸವೆದು ಒಂದು ದಿನ ಚಕ್ರ ಮಡಚಿಕೊಂಡು ಕಾರು ಮೂತಿ ನೆಲಕ್ಕೆ ಹಚ್ಚುತ್ತದೆ. ಹೆಚ್ಚಾಗಿ ಇದು ಆಗುವುದು ನಿಧಾನವಾಗಿ ತಿರುಗಿಸುವಾಗಲೇ. ಜಾಕ್ ಕೊಟ್ಟು ಚಕ್ರದ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಆಟ ಸಿಕ್ಕಿದರೆ ಮಾರುವ ಮೊದಲೇ ಬದಲಿಸಿ, ಬಿಲ್ಲು ಫೈಲಿಗೆ ಸೇರಿಸಿ. ಪೇಂಟಿಗೆ ಹಾಕಬೇಕೆಂದಿದ್ದ ದುಡ್ಡು ಖರ್ಚಾಗಬೇಕಾದ್ದು ಇಂಥ ಕಡೆ.

ಎಂಜಿನ್ನಿಗೆ ಕಂಪ್ರೆಶನ್ ಪರೀಕ್ಷೆ, ಅಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವುದು, ಸಾಕು. ಎಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ನಾಲ್ಕು ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಅಂಕಿಗಳನ್ನು ತಾರೀಕಿನ ಸಮೇತ ಬರೆದಿಡಿ. ಎಂಎಂ ಸರಣಿಯ ಮೊದಲ ಕಾರುಗಳಿಗೆ ವಾಟರ್ ಪಂಪೇ ಇಲ್ಲ, ಬಿಸಿ ನೀರು ತಾನಾಗಿ ಮೇಲೇರಿ ರೇಡಿಯೇಟರಿನಲ್ಲಿ ತಣಿದು ಕೆಳಗಿಳಿಯುತ್ತದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಅದು ಕುದಿಯುವುದು ಸಹಜ, ದೋಷವಲ್ಲ. ಇದನ್ನು ಗಿರಾಕಿಗೆ ಮೊದಲೇ ಹೇಳಿ. ಪೆಟ್ರೋಲಿನಲ್ಲಿ ಈಗ ಶೇಕಡಾ 20 ಎಥನಾಲ್ ಬರುತ್ತಿರುವುದರಿಂದ ಹಳೇ ರಬ್ಬರ್ ಪೈಪು, ಪೆಟ್ರೋಲ್ ಎಳೆಯುವ ಎಸ್‌ಯು ಪಂಪಿನ ಡಯಾಫ್ರಂ ಮೆತ್ತಗಾಗಿ ಒಡೆಯುತ್ತವೆ. ಎಥನಾಲ್ ತಡೆಯುವ ಪೈಪು ಹಾಕಿಸಿದ್ದರೆ ಜಾಹೀರಾತಿನಲ್ಲಿ ಅದನ್ನೇ ಬರೆಯಿರಿ, 'ಶೋರೂಂ ಕಂಡೀಷನ್' ಅನ್ನುವ ಮಾತಿಗಿಂತ ಅದಕ್ಕೆ ಬೆಲೆ ಜಾಸ್ತಿ.

ಸರಿಮಾಡುವ ಉತ್ಸಾಹದಲ್ಲಿ ಹಾಳುಮಾಡಬೇಡಿ ಅನ್ನಲು ಒಂದು ಉದಾಹರಣೆ. ಮೊದಮೊದಲ ಮೈನರುಗಳ ಬಂಪರ್ ನಡುವೆ ಕತ್ತರಿಸಿ ಪಟ್ಟಿ ಸೇರಿಸಿ ಜೋಡಿಸಿದಂತೆ ಕಾಣುತ್ತದೆ. ಅದು ಗ್ಯಾರೇಜಿನ ತೇಪೆಯಲ್ಲ. ಕಾರು ಇನ್ನೇನು ತಯಾರಾಗಬೇಕು ಅನ್ನುವಾಗ ಇಸಿಗೋನಿಸ್ ಅಗಲವನ್ನು 4 ಇಂಚು ಹೆಚ್ಚಿಸಿದರು. ಬಂಪರುಗಳು ಆಗಲೇ ಸಿದ್ಧವಾಗಿದ್ದರಿಂದ ಕಾರ್ಖಾನೆಯವರೇ ಕತ್ತರಿಸಿ ಜೋಡಿಸಿದರು. ಬಾನೆಟ್ ಮಧ್ಯದ ಚಪ್ಪಟೆ ಪಟ್ಟಿಯೂ ಅದರದ್ದೇ ಗುರುತು. ಹಾಗೇ, ಹೆಡ್‌ಲೈಟು ಗ್ರಿಲ್ಲಿನ ಪಕ್ಕದಲ್ಲೇ ತಗ್ಗಿನಲ್ಲಿರುವ ಕಾರಿಗೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚು. ಅದಕ್ಕೆ ನಂತರದ ಮಡ್ಗಾರ್ಡು ಹಾಕಿಸಿ 'ಅಪ್‌ಡೇಟ್' ಮಾಡಿಸಿದವರು ತಮ್ಮ ಕೈಯಾರೆ ಬೆಲೆ ಕಳೆದುಕೊಂಡಿದ್ದಾರೆ.

ಹುಡ್ಡಿನ ಬಗ್ಗೆ ಇಷ್ಟೇ: ಒದ್ದೆ ಇರುವಾಗ ಮಡಚಬೇಡಿ, ನಿಲ್ಲಿಸುವಾಗ ಏರಿಸಿಯೇ ಇಡಿ. ಮಾರುವಾಗ ಏರಿಸಿದ್ದು ಇಳಿಸಿದ್ದು ಎರಡೂ ಫೋಟೋ ಇರಲಿ, ಮಡಿಕೆ ಬಿದ್ದ ಜಾಗದ ಒಳಮೈಯೂ ಕಾಣಲಿ.

ಇನ್ನು ಕಾಗದಪತ್ರ. ಎಷ್ಟೋ ಒಳ್ಳೊಳ್ಳೆ ಕಾರುಗಳು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. 'ಎಂವೈ' ಅಂತ ಶುರುವಾಗುವ ಹಳೇ ಮೈಸೂರು ರಾಜ್ಯದ ನಂಬರಿನ ಕಾರಿಗೆ ಪುಸ್ತಕದ ಆರ್‌ಸಿ ಇರುತ್ತದೆ, ಸಾರಿಗೆ ಇಲಾಖೆಯ 'ವಾಹನ್' ಕಂಪ್ಯೂಟರಿನಲ್ಲಿ ಎಷ್ಟೋ ಸಲ ವಿವರ ಇರುವುದಿಲ್ಲ. ಹಾಗಿದ್ದರೆ ಆರ್‌ಟಿಓದಲ್ಲಿ ಬ್ಯಾಕ್‌ಲಾಗ್ ಎಂಟ್ರಿ (ಹಳೇ ವಿವರ ಕಂಪ್ಯೂಟರಿಗೆ ಏರಿಸುವುದು) ಆಗದೆ ವರ್ಗಾವಣೆಯ ಅರ್ಜಿಯೇ ಮುಂದೆ ಹೋಗದು. ಗಿರಾಕಿ ಬಂದ ಮೇಲೆ ಓಡಾಡುವ ಬದಲು ಜಾಹೀರಾತು ಹಾಕುವ ಮೊದಲೇ ಇದನ್ನು ಮುಗಿಸಿ. ಎಂಜಿನ್ ಬದಲಾಗಿದ್ದರೆ ಹೊಸ ನಂಬರು ಆರ್‌ಸಿಯಲ್ಲಿ ದಾಖಲಾಗಿರಬೇಕು. ಕಾರು ತಾತನ ಹೆಸರಿನಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ, ಆಮೇಲೆ ಮಾರಿ.

2021ರ ವಿಂಟೇಜ್ ನಿಯಮ ಬಂದ ಮೇಲೆ ಎಲ್ಲರೂ ಅದಕ್ಕೇ ಓಡುತ್ತಿದ್ದಾರೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗದ ವಾಹನಕ್ಕೆ ಅದು ಅನ್ವಯ. ಅಂದರೆ ಛಾವಣಿ ಕತ್ತರಿಸಿದ ಸೆಲೂನು ಈ ಬಾಗಿಲಲ್ಲೇ ನಿಲ್ಲುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ಮೊದಲೇ ನೋಂದಣಿ ಇದ್ದರೆ ಹಳೇ ನಂಬರು ಉಳಿಸಿಕೊಳ್ಳಬಹುದು. ಆದರೆ ಆ ಕಾರನ್ನು ರಸ್ತೆಗೆ ತರುವುದು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್, ರಿಪೇರಿ ಇಂಥವಕ್ಕೆ ಮಾತ್ರ, ದಿನಬಳಕೆಗಿಲ್ಲ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ನಂದಿಬೆಟ್ಟಕ್ಕೆ ಹೋಗಬೇಕು ಅನ್ನುವವನಿಗೆ ಮಾಮೂಲಿ ಆರ್‌ಸಿ, ಚಾಲ್ತಿಯಲ್ಲಿರುವ ಎಫ್‌ಸಿ, ಇವೇ ಬೇಕು. ಕೊಳ್ಳುವವನಿಗೆ ಯಾವುದು ಬೇಕು ಅಂತ ಗೊತ್ತಾಗುವ ಮೊದಲು ನೀವಾಗಿ ವಿಂಟೇಜ್‌ಗೆ ಬದಲಿಸಬೇಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ತೆರಿಗೆ ವಿಷಯದಲ್ಲಿ ಒಂದು ತೀರ್ಪು ಓದಲೇಬೇಕು. ಸ್ವಂತ ಬಳಕೆಯ ಕಾರು ಮಾರಿದ ಲಾಭಕ್ಕೆ ಕ್ಯಾಪಿಟಲ್ ಗೇನ್ಸ್ ಇಲ್ಲ ಅಂತ ನಾವೆಲ್ಲ ನಿರಾಳವಾಗಿರುತ್ತೇವೆ. ಆದರೆ 1983ರಲ್ಲಿ ಒಬ್ಬರು 20,000 ರೂಪಾಯಿಗೆ ಕೊಂಡ 1931ರ ಫೋರ್ಡ್ ಟೂರರ್, ಅದೂ ತೆರೆದ ಕಾರೇ, ಮುಂದೆ 21 ಲಕ್ಷಕ್ಕೆ ಮಾರಾಟವಾಯಿತು. ಅದನ್ನು ಸ್ವಂತಕ್ಕೆ ಬಳಸುತ್ತಿದ್ದರು ಅನ್ನುವುದಕ್ಕೆ ಪುರಾವೆ ಇಲ್ಲ ಅಂತ 2025ರಲ್ಲಿ ಬಾಂಬೆ ಹೈಕೋರ್ಟ್ ತೆರಿಗೆ ಇಲಾಖೆಯ ಪರ ತೀರ್ಪು ಕೊಟ್ಟಿತು. ಪೆಟ್ರೋಲ್ ಬಿಲ್ಲು, ಸರ್ವಿಸ್ ಬಿಲ್ಲು, ಇನ್ಶೂರೆನ್ಸ್, ಮನೆಯವರೆಲ್ಲ ಕಾರಿನಲ್ಲಿ ಕೂತ ಹಳೇ ಫೋಟೋ, ಒಂದನ್ನೂ ಗುಜರಿಗೆ ಹಾಕಬೇಡಿ. ದುಡ್ಡನ್ನು ಬ್ಯಾಂಕಿನ ಮೂಲಕವೇ ತಗೊಳ್ಳಿ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಬೆಲೆ ಹೇಗೆ ಕಟ್ಟುವುದು? ನೀವು ಖರ್ಚು ಮಾಡಿದ್ದನ್ನೆಲ್ಲ ಕೂಡಿಸಿ ಹೇಳಿದರೆ ಯಾರೂ ಕೊಡುವುದಿಲ್ಲ. ಇಂಟರ್ನೆಟ್ಟಿನಲ್ಲಿ ಕಾಣುವುದು ಕೇಳಿದ ಬೆಲೆ, ಕೈಬದಲಾದ ಬೆಲೆಯಲ್ಲ. ಕರ್ನಾಟಕ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ಬಿನಂಥ ಕಡೆ ಇರುವ ಹಿರಿಯರನ್ನು ಕೇಳಿದರೆ ಇತ್ತೀಚೆಗೆ ಯಾವ ಕಾರು ಎಷ್ಟಕ್ಕೆ ಹೋಯಿತು ಅಂತ ತಿಳಿಯುತ್ತದೆ. ಮದುವೆಗೆ ಬಾಡಿಗೆಗೆ ಬಿಡಲು ಕೊಳ್ಳುವವರು ಮೇಲಿನ ಹೊಳಪಿಗೆ ದುಡ್ಡು ಕೊಡುತ್ತಾರೆ, ಸಂಗ್ರಾಹಕರು ಮೂಲ ಬಿಡಿಭಾಗಕ್ಕೆ. ಹಾಗಾಗಿ ಬದಲಿಸಿ ತೆಗೆದಿಟ್ಟ ಹಳೇ ಭಾಗಗಳನ್ನು ಜೆ.ಸಿ. ರೋಡಿನಲ್ಲಿ ಬಿಡಿಬಿಡಿಯಾಗಿ ಮಾರದೆ ಪೆಟ್ಟಿಗೆಯಲ್ಲಿ ಹಾಕಿ ಕಾರಿನ ಜೊತೆಗೇ ಕೊಡಿ.

ಕೊಡುವ ದಿನ ಹೊಸ ಮಾಲೀಕರಿಗೆ ಬ್ಯಾಟರಿ ತೋರಿಸಿ. ಈ ಕಾರಿನಲ್ಲಿ ಪಾಸಿಟಿವ್ ತಂತಿ ಬಾಡಿಗೆ ಹೋಗುತ್ತದೆ. ಈಗಿನ ಕಾರಿನ ಅಭ್ಯಾಸದಲ್ಲಿ ಉಲ್ಟಾ ಜೋಡಿಸಿದರೆ ಡೈನಮೋ ಚಾರ್ಜು ಕೈಕೊಡುತ್ತದೆ. ಗ್ರೀಸ್ ನಿಪ್ಪಲ್ಲುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿ.

ಹೆಸರು ವರ್ಗಾವಣೆಗೆ ಫಾರಂ 29 ಎರಡು ಪ್ರತಿ, ಫಾರಂ 30 ಒಂದು, ಹೊರರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್‌ಒಸಿ. ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಡುವ ರೂಢಿಯನ್ನು ಇನ್ನಾದರೂ ಬಿಡಬೇಕು. ಕಾರು ಕೈಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅದೇ ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ಮಾರಿದವರೇ ಆರ್‌ಟಿಓಗೆ ತಿಳಿಸಬೇಕು. ಡೆಲಿವರಿ ನೋಟಿನಲ್ಲಿ ತಾರೀಕಿನ ಜೊತೆ ಗಂಟೆ ನಿಮಿಷವನ್ನೂ ಬರೆದು ಇಬ್ಬರೂ ಸಹಿ ಹಾಕಿ, ಕೊಳ್ಳುವವರ ಆಧಾರ್ ಪ್ರತಿ ತಗೊಳ್ಳಿ. ವಾಹನ್ ತಾಣದಲ್ಲಿ ಹೊಸ ಹೆಸರು ಬರುವವರೆಗೆ ವಾರಕ್ಕೊಮ್ಮೆ ನೋಡುತ್ತಿರಿ. ಅಲ್ಲಿಯವರೆಗೆ ಇನ್ಶೂರೆನ್ಸ್ ಮುಗಿಯಲು ಬಿಡಬೇಡಿ.